ಎಡಗಡೆ ಸೀಟಿನ ಮೀಟರು

ಆಯುಧ ಪೂಜೆಗೆಂದು ಅಟ್ಟದ ಮೇಲಿನ ಹಿತ್ತಾಳೆ ಸಾಮಾನು ಇಳಿಸುತ್ತಿದ್ದೆ. ಒಂದು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದೊಡನೆ ಕರ್ಪೂರದ ವಾಸನೆ ಬಂತು. ಕರ್ಪೂರ ಎಂದೋ ಹಾರಿಹೋಗಿ ವಾಸನೆಯಷ್ಟೇ ಉಳಿದಿತ್ತು. ಒಳಗೆ ಹಳೆಯ ರವಿಕೆ ಕಣದಲ್ಲಿ ಸುತ್ತಿಟ್ಟ ದುಂಡನೆಯ ಮೀಟರು. ಅಂಗೈಯಗಲದ ಗಾಜು, ಅದರ ಹಿಂದೆ ಒಂದು ಪುಟ್ಟ ಬೊಂಬೆ ಜೀಪು, ಸುತ್ತಲೂ ಅಂಕಿ, ಎರಡು ಪಕ್ಕಕ್ಕೂ ಕೆಂಪು ಪಟ್ಟಿ. ಗಾಡಿ ಎಷ್ಟು ವಾಲಿದರೆ ಬೊಂಬೆಯೂ ಅಷ್ಟು ವಾಲುತ್ತದೆ, ಕೆಂಪು ಮುಟ್ಟಿದರೆ ಗಾಡಿ ಮಗುಚುವ ಭಯ. ಅಂಚಿನ ಸಂದಿಯಲ್ಲಿ ಕುಂಕುಮ ಇನ್ನೂ ಒಣಗಿ ಕೂತಿತ್ತು. ಅದನ್ನು ಹಚ್ಚಿದ ಬೆರಳು ನೆನಪಾಯಿತು...

ಡಬ್ಬಿ ಹಿಡಿದು ಹೊರಗೆ ಬಂದೆ. ಮಗಳು ಗೇಟಿನ ಮುಂದೆ ಗಾಡಿ ತೊಳೆಯುತ್ತಿದ್ದಳು. ಜ್ಞಾನಭಾರತಿಯಲ್ಲಿ ಓದುವ ಹುಡುಗಿ, ಅಪ್ಪನನ್ನು ಕಾಡಿಸಿ ಹಳೆಯದೊಂದು ಫೋರ್ ವೀಲ್ ಡ್ರೈವ್ ಗಾಡಿ ತೆಗೆಸಿಕೊಂಡಿದ್ದಾಳೆ. ಹಬ್ಬ ಮುಗಿದ ಮೇಲೆ ನನ್ನನ್ನು ಕೂರಿಸಿಕೊಂಡು ಮಾಗಡಿ ಕಡೆಯ ಬೆಟ್ಟದ ದೇವಸ್ಥಾನಕ್ಕೆ ಮಣ್ಣುದಾರಿಯಲ್ಲೇ ಹೋಗುವುದೆಂದು ಅವಳೇ ತೀರ್ಮಾನಿಸಿಬಿಟ್ಟಿದ್ದಳು.

"ಇದನ್ನ ಹಾಕಿಸು. ಆಮೇಲೆ ಬರ್ತೀನಿ" ಎಂದೆ.

"ಅಯ್ಯೋ ಅಮ್ಮಾ, ಟಿಲ್ಟ್ ಮೀಟರಾ? ಅದೆಲ್ಲ ಶೋಕಿ ಕಣಮ್ಮ. ಓಡಿಸೋರಿಗೆ ಸೀಟಲ್ಲೇ ಗೊತ್ತಾಗುತ್ತೆ."

ಯಜಮಾನರು ಪೇಪರಿನ ಹಿಂದಿನಿಂದಲೇ ದನಿ ಸೇರಿಸಿದರು: "ಗಾಡೀಲಿ ಮುಂದೆ ಗಣಪತಿ ಕೂರಿಸಿದೀಯಲ್ಲ, ಸಾಲದಾ ನಿಂಗೆ?"

ಇದೇ ಮಾತನ್ನು ನಾನು ಹಿಂದೆಯೂ ಕೇಳಿದ್ದೆ. ಅದಕ್ಕೆ ಸಿಕ್ಕ ಉತ್ತರವನ್ನೂ ಕೇಳಿದ್ದೆ. ಉತ್ತರ ಕೊಟ್ಟವರು ನಮ್ಮ ಓನರ್ ಆಂಟಿ.

ನಾವು ಬಸವೇಶ್ವರನಗರದ ಈ ಮನೆಯ ಕೆಳಗಡೆಗೆ ಬಾಡಿಗೆಗೆ ಬಂದಾಗ ಮಗಳು ಇನ್ನೂ ಹುಟ್ಟಿರಲಿಲ್ಲ. ಮನೆಯ ಮಾಲೀಕರಾದ ಗಂಡ ಹೆಂಡತಿ ಮೇಲ್ಗಡೆ ಇದ್ದರು. ನಮ್ಮ ಬಾಯಲ್ಲಿ ಅವರು ಓನರ್ ಅಂಕಲ್, ಓನರ್ ಆಂಟಿ. ಅಂಕಲ್ ಅವರಿಗೆ ಜೀಪಿನ ಹುಚ್ಚು. ಭಾನುವಾರ ಬಂತೆಂದರೆ ಕೆಂಗೇರಿ ದಾಟಿ ಎಲ್ಲಿ ರಸ್ತೆ ಇಲ್ಲವೋ ಅಲ್ಲಿಗೆ ಹೋಗಬೇಕು. ಆಂಟಿಗೆ ದೇವರ ಹುಚ್ಚು. ಆ ಕಾಡುದಾರಿಯ ಕೊನೆಯಲ್ಲಿ ಯಾವುದಾದರೂ ಗುಡಿ ಇದ್ದರೆ ಅವರೂ ಎಡಗಡೆ ಸೀಟಿನಲ್ಲಿ ಹಾಜರ್. ಅವರವರ ಹುಚ್ಚು ಒಂದೇ ಗಾಡಿಯಲ್ಲಿ ಹೊಂದಿಕೊಂಡಿತ್ತು.

ಆಂಟಿ ಎತ್ತರದ ಹೆಂಗಸಲ್ಲ, ದನಿಯೂ ದೊಡ್ಡದಲ್ಲ. ಮೇಲೆ ಬಾಲ್ಕನಿಯಿಂದ ಬಗ್ಗಿ "ಏನೇ, ಹಾಲು ಉಕ್ತಾ ಇದೆ ಕಣೇ, ವಾಸ್ನೆ ಬಂತು" ಎಂದರೆ ನಾನು ಅಡುಗೆಮನೆಗೆ ಓಡುತ್ತಿದ್ದೆ. ಹಾಲು ಉಕ್ಕಿಯೇ ಇರುತ್ತಿತ್ತು. ಆ ಮೀಟರನ್ನು ಹಟ ಹಿಡಿದು ತರಿಸಿದವರು ಅವರೇ. ಅಂಕಲ್ ಸ್ನೇಹಿತರು ಬಂದಾಗಲೆಲ್ಲ ಅದೇ ತಮಾಷೆ: "ಏನಮ್ಮಾ, ಗಣಪತಿ ಮೇಲೆ ನಂಬಿಕೆ ಹೋಯ್ತಾ?" ಆಂಟಿ ಕಾಫಿ ಲೋಟ ಕೈಗಿಡುತ್ತಾ ಹೇಳುತ್ತಿದ್ದರು: "ಗಣಪತಿ ಕಾಪಾಡ್ತಾನೆ. ನಾವು ಎಷ್ಟು ವಾಲಿದೀವಿ ಅಂತ ನೋಡ್ಕೊಳ್ಳೋ ಕೆಲ್ಸಾನೂ ಅವನ ತಲೆಗೇ ಕಟ್ಟೋದಾ?"

ಅದನ್ನು ಕೂರಿಸಿದ್ದು ಒಂದು ಆಯುಧ ಪೂಜೆಯ ದಿನ. ನಮ್ಮ ರಸ್ತೆ ನೋಡಿದವರಿಗೆ ಗೊತ್ತು, ಅಂಚಿಗೆ ಹೋದಷ್ಟೂ ಮೋರಿಯ ಕಡೆಗೆ ಇಳಿಜಾರು. ಜೀಪು ಆ ಅಂಚಿನಲ್ಲೇ ಎಡಕ್ಕೆ ವಾಲಿ ನಿಂತಿತ್ತು. ಪೂಜೆಯಾಗಿ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು, ರಾಹುಕಾಲ ಶುರುವಾಗಿತ್ತು. ಅದು ಕಳೆಯುವವರೆಗೆ ಗಾಡಿ ಒಂದಿಂಚೂ ಅಲುಗಬಾರದೆಂದು ಆಂಟಿಯ ಕಟ್ಟಪ್ಪಣೆ. ಮೆಕ್ಯಾನಿಕ್‌ಗೆ ಇನ್ನೂ ಹತ್ತು ಕಡೆ ಹೋಗಬೇಕಿತ್ತು. ಹಾಗೆ ವಾಲಿ ನಿಂತಿದ್ದ ಗಾಡಿಯಲ್ಲೇ ಅವನು ಮೀಟರು ಬಿಗಿದು, ಬೊಂಬೆಯನ್ನು ನೆಟ್ಟಗೆ ನಿಲ್ಲಿಸಿ, ಹೂವು ಮುಡಿದ ಸ್ಕೂಟರ್ ಹತ್ತಿ ಹೋದ. ಆಂಟಿ ಗಾಜಿನ ಅಂಚಿಗೆ ಕುಂಕುಮ ಹಚ್ಚಿದರು. ಯಾರಿಗೂ ಏನೂ ಹೊಳೆಯಲಿಲ್ಲ.

ಹಬ್ಬ ಕಳೆದು ಮೊದಲ ಪ್ರಯಾಣವೇ ನಮ್ಮದು. ತುಂಬ ಹರಕೆ ಹೊತ್ತು ಪಡೆದ ಮಗು ನನ್ನದು. ಮುಡಿ ಕೊಡುವುದು ಮಾಗಡಿ ಕಡೆಯ ಆ ಬೆಟ್ಟದ ದೇವರಿಗೇ ಎಂದು ನನ್ನ ಮನಸ್ಸು. "ಬಸ್ಸಲ್ಲಿ ಒದ್ದಾಡ್ತೀರಾ? ಜೀಪಲ್ಲೇ ಹೋಗೋಣ ಬನ್ನಿ" ಎಂದು ಅಂಕಲ್ ಕರೆದರು. ಮುಂದೆ ಅಂಕಲ್, ಆಂಟಿ. ಹಿಂದೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ನಾನು, ನನ್ನೆದುರು ಯಜಮಾನರು.

ಬೆಟ್ಟದ ಅರ್ಧದಲ್ಲಿ ಮಳೆಗೆ ದಾರಿ ಕೊಚ್ಚಿಹೋಗಿತ್ತು. ಪಕ್ಕದ ಇಳಿಜಾರಿನ ಮೇಲೆ ಗಾಡಿ ಅಡ್ಡಡ್ಡ ಸಾಗಬೇಕು. ಬಲಗಡೆ ಕೆಳಗೆ ಬರೀ ಬಂಡೆ, ಲಂಟಾನ. ಜೀಪು ಬಲಕ್ಕೆ ವಾಲಿತು. ನಾನು ಮಗುವನ್ನು ಎದೆಗೆ ಒತ್ತಿಕೊಂಡೆ. ಅಮ್ಮಾ ತಾಯಿ ಎಂದುಕೊಂಡೆನೇ ಹೊರತು ಬಾಯಿ ಬಿಡಲಿಲ್ಲ. ಬೇರೆಯವರ ಗಾಡಿ, ಬೇರೆಯವರ ಉಪಕಾರ...

"ರೀ, ನಿಲ್ಸಿ" ಎಂದರು ಆಂಟಿ.

"ಸುಮ್ನಿರೇ, ಏನೂ ಆಗಲ್ಲ."

"ನನ್ನ ಮಾತು ಬೇಡ. ಇದನ್ನ ನೋಡಿ." ಬಳೆಯ ಕೈಯಿಂದ ಗಾಜಿನ ಮೇಲೆ ಟಕಟಕ ಕುಟ್ಟಿದರು. ಬೊಂಬೆ ಜೀಪು ಕೆಂಪಿಗೆ ಹೋಗಿ ಕೂತಿತ್ತು.

ಅಂಕಲ್ ನೋಡಿದರು. ಬ್ರೇಕ್ ಒತ್ತಿದರು. ಇಷ್ಟು ವರ್ಷದ ಮೇಲೂ ನನಗೆ ಮುಖ್ಯವಾಗಿ ಕಾಣುವುದು ಅದೊಂದೇ. ಹೆಂಡತಿ ಹೇಳಿದಾಗ ನಿಲ್ಲದ ಗಾಡಿ, ಬೊಂಬೆ ಹೇಳಿದಾಗ ನಿಂತಿತು.

"ಇಳಿಯೇ, ಮಗು ಎತ್ಕೊಂಡು ಇಳಿ" ಎಂದರು ಆಂಟಿ ನನಗೆ. "ಕೂತ್ಕೋ, ಅಂಕಲ್‌ಗೆ ಬೇಜಾರಾಗುತ್ತೆ" ಎಂದು ಯಜಮಾನರು ಪಿಸುಗುಟ್ಟಿದರು. ನಾನು ಅವರ ಮುಖ ನೋಡಲಿಲ್ಲ. ಹಿಂದಿನಿಂದ ಇಳಿದೆ. ಕೊನೆಗೆ ಯಜಮಾನರೂ ಇಳಿದರು, ಮುಂದಿನಿಂದ ಆಂಟಿಯೂ. ನಾವು ಮೇಲುಗಡೆಯ ಹುಲ್ಲಿನಲ್ಲಿ ಒಬ್ಬರ ಹಿಂದೊಬ್ಬರು ನಡೆದೆವು. ಅಂಕಲ್ ಒಬ್ಬರೇ ಗಾಡಿ ದಾಟಿಸಿದರು. ನಡುವೆ ಹಿಂದಿನ ಚಕ್ರದಡಿಯಿಂದ ಒಂದು ಕಲ್ಲು ಕಿತ್ತುಬಂದು ಕೆಳಕ್ಕೆ ಉರುಳಿತು. ಜೀಪು ಒಮ್ಮೆ ಕುಸಿದು, ತಡೆದು, ಮತ್ತೆ ಹತ್ತಿತು.

ಆಚೆ ತಲುಪಿ ಅಂಕಲ್ ಕೂಗಿದರು: "ನೋಡಿದ್ಯಾ? ಬಿತ್ತಾ?"

"ಬೀಳಲಿಲ್ಲ" ಎಂದರು ಆಂಟಿ. "ಮಗು ಒಳಗೆ ಇರಲೂ ಇಲ್ಲ."

ಮುಡಿಯಾಯಿತು. ಮಗು ಅತ್ತು ಸುಸ್ತಾಗಿ ನಿದ್ದೆ ಹೋಯಿತು. ದೇವಸ್ಥಾನದ ಕಲ್ಲುಹಾಸಿನ ಅಂಗಳದಲ್ಲಿ ಜೀಪು ನಿಂತಿತ್ತು. ಗಾಡಿಯೊಳಗೆ ಇಣುಕಿದ ಅಂಕಲ್ ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಸಮನಾದ ನೆಲದ ಮೇಲೂ ಬೊಂಬೆ ಬಲಕ್ಕೆ ಓರೆಯಾಗಿ ನಿಂತಿತ್ತು. "ಮೋರಿ ಪಕ್ಕ ನಿಲ್ಸಿ ಫಿಟ್ ಮಾಡಿಸ್ದೆ ಕಣೇ! ನಿನ್ನ ಮೀಟರು ಬೆಳಿಗ್ಗೆಯಿಂದ ಸುಳ್ಳು ಹೇಳ್ತಿದೆ. ಅಲ್ಲಿ ಕೆಂಪಿಗೆ ಹೋಗೇ ಇರ್ಲಿಲ್ಲ ನಾವು!" ಯಜಮಾನರೂ ನಕ್ಕರು. ನನಗೆ ಆಂಟಿಯ ಮುಖ ನೋಡಲು ಸಂಕಟವಾಯಿತು.

ಆಂಟಿ ಗುಡಿಯೊಳಗೆ ಹೋಗಿ, ಪೂಜೆಗೆಂದು ನಾನು ಮನೆಯಿಂದ ತಂದಿದ್ದ ಹಿತ್ತಾಳೆ ಹರಿವಾಣ ತಂದರು. ಜೀಪಿನ ನೆಲದ ಮೇಲಿಟ್ಟು ನೀರು ಸುರಿದರು. ಅಲುಗಾಟ ನಿಂತ ಮೇಲೆ ಬಗ್ಗಿ ನೋಡಿದರು. ನೀರು ಸುತ್ತಲೂ ಅಂಚಿನಿಂದ ಒಂದೇ ಸಮ ನಿಂತಿತ್ತು. ಸೆರಗಿನ ಗಂಟಿನಿಂದ ನಾಣ್ಯ ತೆಗೆದು ಮೀಟರಿನ ತಿರುಪು ಸಡಿಲಿಸಿ, ಬೊಂಬೆಯನ್ನು ನೆಟ್ಟಗೆ ಮಾಡಿ, ಮತ್ತೆ ಬಿಗಿದರು. ಆಮೇಲೆ ಎದ್ದು ಹೇಳಿದರು: "ತಪ್ಪು ನಂದೇ. ರಾಹುಕಾಲ ಅಂತ ಗಾಡಿ ಸರಿಸೋಕೆ ಬಿಡಲಿಲ್ಲ. ಗಡಿಯಾರ ತಪ್ಪು ಹೋದ್ರೆ ಸರಿ ಮಾಡ್ತೀವಿ, ಹೊತ್ತೇ ನೋಡಲ್ಲ ಅಂತ ಕೂರ್ತೀವಾ? ಈಗ ವಾಪಸ್ ಹೋಗೋವಾಗ ಇಳಿಜಾರು ಎಡಕ್ಕಿರುತ್ತೆ. ಬೆಳಿಗ್ಗೆ ಇದ್ದ ಹಾಗೇ ಬಿಟ್ಟಿದ್ರೆ ಇದು ಕಮ್ಮಿ ತೋರಿಸ್ತಿತ್ತು. ಆಗಲೂ ನಗ್ತಿದ್ರಾ?"

ಅಂಕಲ್ ಹರಿವಾಣದ ನೀರನ್ನು ತಾವೇ ಚೆಲ್ಲಿ ಗಾಡಿ ಹತ್ತಿದರು.

ವಾಪಸು ಬರುವಾಗ ಆ ಜಾಗ ಬಂತು. ಎಲ್ಲರ ಕಣ್ಣೂ ಬೊಂಬೆಯ ಮೇಲೆ. ಅದು ಎಡಕ್ಕೆ ವಾಲುತ್ತಾ ವಾಲುತ್ತಾ ಕೆಂಪಿನ ಹತ್ತಿರ ಹೋಗತೊಡಗಿತು. ಕೆಂಪು ಇನ್ನೂ ಮುಟ್ಟಿರಲಿಲ್ಲ. ಅಂಕಲ್ ತಾವಾಗಿಯೇ ಗಾಡಿ ನಿಲ್ಲಿಸಿದರು. ಮುಖ ಬಲಗಡೆಯ ಗುಡ್ಡದ ಕಡೆಗೆ ತಿರುಗಿಸಿಕೊಂಡು, "ಇಳೀರಮ್ಮ. ಮಗು ಜೋಪಾನ" ಎಂದರು.

ನನ್ನ ಬದುಕಿನಲ್ಲಿ ದೇವರು ಕೊಟ್ಟ ಸಣ್ಣ ಸಣ್ಣ ದಯೆಗಳನ್ನು ನಾನು ದೀಪ ಹಚ್ಚುವಾಗ ನೆನೆಯುತ್ತೇನೆ. ಆ ಮೂರು ಪದವೂ ಅದರಲ್ಲಿ ಸೇರಿದೆ.

ಆ ಮೀಟರು ಬೇಡವೆನ್ನುವವರ ವಾದ ನನಗೆ ಗೊತ್ತಿಲ್ಲವೆಂದಲ್ಲ. ಗುಂಡಿಗೆ ಬಿದ್ದಾಗ ಬೊಂಬೆ ಹುಚ್ಚು ಕುಣಿತ ಕುಣಿಯುತ್ತದೆ, ಆಗ ಅದನ್ನು ನಂಬಲಾಗದು. ಗಾಡಿಯ ಮೇಲೆ ಮೂಟೆ ಹೇರಿದರೆ ಕೆಂಪಿಗೆ ಮುಂಚೆಯೇ ಮಗುಚಬಹುದು. ಕೆಳಗಿನ ಮಣ್ಣು ಸಡಿಲವೋ ಗಟ್ಟಿಯೋ ಅದಕ್ಕೆ ತಿಳಿಯದು. ಓಡಿಸುವವರು ಕಣ್ಣನ್ನು ನೆಲದ ಮೇಲಿಡಬೇಕು, ಗಾಜಿನ ಮೇಲಲ್ಲ. ಎಲ್ಲ ನಿಜ, ಒಪ್ಪಿದೆ. ಆದರೆ ಈ ವಾದ ಮಾಡುವವರೆಲ್ಲ ಸ್ಟೀರಿಂಗ್ ಹಿಡಿದವರು. ಅವರಿಗೆ ಸೀಟಿನಲ್ಲೇ ಗೊತ್ತಾಗುತ್ತದಂತೆ. ಗೊತ್ತಾಗಲಿ, ಸಂತೋಷ. ಪಕ್ಕದಲ್ಲಿ ಕೂತವರಿಗೆ, ಹಿಂದೆ ಮಗು ಹಿಡಿದು ಕೂತವರಿಗೆ ಏನಿದೆ? ನಮಗಾಗುವುದನ್ನು ಹೆದರಿಕೆ ಎನ್ನುತ್ತಾರೆ, ಅವರಿಗಾಗುವುದನ್ನು ಅನುಭವ ಎನ್ನುತ್ತಾರೆ. ಬೊಂಬೆ ಇಬ್ಬರಿಗೂ ಒಂದೇ ತೋರಿಸುತ್ತದೆ. ಅಷ್ಟು ಸಾಕು ನನಗೆ. ಅದು ಶೋಕಿಯಾದರೆ ಆಗಲಿ, ನಾನು ಶೋಕಿಯ ಹೆಂಗಸೇ ಎಂದು ಬರೆದುಕೊಳ್ಳಿ.

ಅಂಕಲ್ ಮೊದಲು ಹೋದರು. ಜೀಪು ಮಾರುವ ದಿನ ಆಂಟಿ ತಾವೇ ಕೆಳಗಿಳಿದು ಬಂದು ತಿರುಪು ಬಿಚ್ಚಿ ಮೀಟರು ತೆಗೆದರು. "ನಿನ್ನ ಮಗಳು ಮುಂದೆ ಏನು ಓಡಿಸ್ತಾಳೋ ಯಾರಿಗ್ಗೊತ್ತು, ಇಟ್ಕೊಂಡಿರು" ಎಂದು ನನ್ನ ಕೈಗಿಟ್ಟರು. ಕಾರ್ತಿಕ ಮಾಸದ ಒಂದು ಬೆಳಿಗ್ಗೆ, ತುಳಸಿಗೆ ನೀರು ಹಾಕಿ ಬಂದು ಕೂತವರು ಏಳಲಿಲ್ಲ. ನರಳದೆ ಹೋದರು, ಅದೂ ಒಂದು ದಯೆ...

ಇದನ್ನೆಲ್ಲ ಗೇಟಿನ ಹತ್ತಿರವೇ ನಿಂತು ಹೇಳಿದೆ. ಮಗಳ ಕೈಯ ಪೈಪಿನಿಂದ ನೀರು ಸುಮ್ಮನೆ ಹರಿಯುತ್ತಿತ್ತು. ಯಜಮಾನರ ಪೇಪರು ಮಡಿಲಿಗೆ ಇಳಿದಿತ್ತು. "ನಾನೂ ನಕ್ಕಿದ್ದೆ ಅವತ್ತು" ಎಂದಷ್ಟೇ ಹೇಳಿದರು.

ಮಗಳು ನಲ್ಲಿ ನಿಲ್ಲಿಸಿ ಮೀಟರನ್ನು ತೆಗೆದುಕೊಂಡು ತಿರುವಿ ನೋಡಿದಳು. "ಇಲ್ಲಿ ಫಿಟ್ ಮಾಡೋದು ಬೇಡಮ್ಮ, ಇಲ್ಲಿ ಸ್ಲೋಪ್ ಇದೆ. ನಮ್ಮ ಬೀದಿ ದೇವಸ್ಥಾನದ ಮುಂದೆ ನೆಲ ಮಟ್ಟವಾಗಿದೆ, ಅಲ್ಲಿಗೆ ಹೋಗೋಣ. ಆ ತಟ್ಟೆ ಎಲ್ಲಿ?"

ಹರಿವಾಣ ತಂದೆ. ಬೀದಿಯ ದೇವಸ್ಥಾನದ ಮುಂದೆ ಗಾಡಿ ನಿಲ್ಲಿಸಿ ನೀರು ಸುರಿದೆವು. ಅವಳು ಮಂಡಿಯೂರಿ ನೀರಿನ ಅಂಚು ನೋಡುತ್ತಾ ತಿರುಪು ಬಿಗಿದಳು. ಅಂಚಿನ ಕುಂಕುಮ ಒರೆಸಲು ಹೋದವಳ ಕೈ ಹಿಡಿದು ತಡೆದೆ.

"ಸರಿ. ಬೆಟ್ಟದಲ್ಲಿ ನೀನು ಇದನ್ನ ನೋಡ್ತಿರು, ನಾನು ದಾರಿ ನೋಡ್ತೀನಿ" ಎಂದಳು. "ನಿಲ್ಸು ಅಂದ್ರೆ ನಿಲ್ಸ್ತೀನಿ. ಆಯ್ತಾ?"

ಮನೆಗೆ ಬಂದು ಇಳಿದ ನಾನು ಅಭ್ಯಾಸದಂತೆ ತಲೆಯೆತ್ತಿ "ಆಂಟೀ" ಎಂದುಬಿಟ್ಟೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗವೊಂದೇ ಇತ್ತು. ಒಳಗೆ ಒಲೆಯ ಮೇಲೆ ಹಾಲು ಉಕ್ಕಿ ಸೀದುಹೋಗಿತ್ತು. ಯಾರೂ ಕೂಗಿ ಹೇಳಿರಲಿಲ್ಲ.