ಫಿಡೆಲಿಸನ ಹೆಸರಲ್ಲಿ ಐದು ಮಂದಿ

ಬರ್ ದುಬೈಯ ನನ್ನ ಬಟ್ಟೆ ಅಂಗಡಿಯ ಮಹಡಿಯಲ್ಲಿ ಸೀರೆಗಳಿಗಿಂತ ಹೆಚ್ಚು ಹುಡುಗ ಹುಡುಗಿಯರನ್ನು ಬಿಡಿಸಿ ತೋರಿಸಿದ್ದೇನೆ. ಇದು ನಾನಾಗಿ ಶುರು ಮಾಡಿದ ದಂಧೆಯಲ್ಲ. ಬ್ಯಾಚುಲರ್ ಫ್ಲ್ಯಾಟಿಗೆ ಹೆಣ್ಣನ್ನು ಕರೆಯುವಂತಿಲ್ಲ. ಹೋಟೆಲಿನಲ್ಲಿ ಕೂತರೆ ಚಹಾ ತಣಿಯುವ ಮೊದಲೇ ಸುದ್ದಿ ಊರಲ್ಲಿ ಶಿರ್ವ ಮುಟ್ಟುತ್ತದೆ. ಬಟ್ಟೆ ಅಂಗಡಿಯಲ್ಲಾದರೆ ಯಾರು ಯಾರ ಪಕ್ಕ ನಿಂತರೂ ಕೇಳುವವರಿಲ್ಲ. ಹಾಗಾಗಿ ನಮ್ಮ ಕರಾವಳಿಯವರು ಹೆಣ್ಣು ನೋಡಲು ‘ಪೂಂಜರ ಮಹಡಿ’ ಹಿಡಿದರು, ಅಂದರೆ ನನ್ನದು. ಒಪ್ಪಿಗೆಯಾದರೆ ಮದುವೆಯ ಜವಳಿ ನನ್ನಲ್ಲೇ. ಆಗದಿದ್ದರೂ ನಾಚಿಕೆಗೆ ಒಂದು ಟವೆಲು ಕೊಂಡೇ ಇಳಿಯುತ್ತಾರೆ.

ಫಿಡೆಲಿಸ್ ಮಸ್ಕರೇನಸ್ ಮಾತ್ರ ಎಂಟು ವರ್ಷದಲ್ಲಿ ಟವೆಲು ಸಹ ಕೊಂಡವನಲ್ಲ. ಅವನು ದುಬೈಯಿಂದ ಒಂದೂವರೆ ಗಂಟೆ ದಾರಿಯ ಮುಸಫ್ಫಾದ ಒಂದು ಕಬ್ಬಿಣದ ಕೆಲಸದ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ಇಂಜಿನಿಯರರು ಬರೆದ ನಕ್ಷೆಗೆ ಠಸ್ಸೆ ಹೊಡೆಯುವುದು. ಅವರು ತಿದ್ದಿದರೆ ಹಳೆಯದಕ್ಕೆ ‘ರದ್ದು’ ಎಂದು ಹೊಡೆದು ಹೊಸದಕ್ಕೆ ಇನ್ನೊಂದು ಹೊಡೆಯುವುದು. ವಯಸ್ಸು ಮೂವತ್ತೊಂಬತ್ತು. ಎತ್ತರ ಐದಡಿ ಐದಂಗುಲ, ಬೂಟು ಸೇರಿ. ಡ್ರೈವಿಂಗ್ ಪರೀಕ್ಷೆಯಲ್ಲಿ ಆರು ಸಲ ಫೇಲು, ಅದರಲ್ಲೊಂದು ಸಲ ಗಾಡಿ ಸ್ಟಾರ್ಟ್ ಮಾಡುವ ಮೊದಲೇ. ಆದ್ದರಿಂದ ಅವನ ಜೊತೆ ಒಂದೇ ಫ್ಲ್ಯಾಟಿನಲ್ಲಿರುವ ಹಿರಿಯ ಹರ್ಬರ್ಟನ ಗಾಡಿಯಲ್ಲಿ ತಿಂಗಳಿಗೊಂದು ಶುಕ್ರವಾರ, ಇಲ್ಲಿಯ ವಾರದ ರಜೆಗೆ, ದುಬೈಗೆ ಬಂದು, ಇಗರ್ಜಿ ಮುಗಿಸಿ, ನನ್ನಲ್ಲಿ ಚಹಾ ಕುಡಿದು ಹೋಗುತ್ತಿದ್ದ. ಅವನ ಕೈಯಲ್ಲಿ ಲಿಂಬೆಹುಳಿ ಉಜ್ಜಿದ ಪರಿಮಳ, ಅದರಡಿಯಲ್ಲಿ ಮೀನಿನ ವಾಸನೆ. ರೇಷ್ಮೆಯ ಹತ್ತಿರ ಬಂದರೆ ‘ಕೈ ಜೇಬಿನಲ್ಲಿರಲಿ ಮಾರಾಯ’ ಎನ್ನುತ್ತಿದ್ದೆ. ಆ ವಾಸನೆ ಯಾಕೆಂದು ಎಂದೂ ಕೇಳಲಿಲ್ಲ. ಗಿರಾಕಿಯಲ್ಲದವನ ವಾಸನೆ ಕಟ್ಟಿಕೊಂಡು ನನಗೇನಾಗಬೇಕು?

ಎರಡು ಸಾವಿರದ ಹನ್ನೆರಡರಲ್ಲಿ ಇವನಿಗೆ ವೆಬ್‌ಸೈಟ್ ಮಾಡುವ ಹುಚ್ಚು ಹಿಡಿಯಿತು. ಕಂಪ್ಯೂಟರಿನಲ್ಲೇ ಪಾಠ ನೋಡಿ ನೋಡಿ ಕಲಿತು ‘ಸೊಯ್ರಿಕ್’ ಎಂಬ ಹೆಸರಿನ ಒಂದನ್ನು ಕಟ್ಟಿಯೇ ಬಿಟ್ಟ. ಕೊಂಕಣಿಯಲ್ಲಿ ಸೊಯ್ರಿಕ್ ಎಂದರೆ ಮದುವೆಯ ಸಂಬಂಧ. ಗಲ್ಫಿನಲ್ಲಿರುವ ನಮ್ಮೂರ ಕ್ರೈಸ್ತರು ಅದರಲ್ಲಿ ಹೆಸರು ಹಾಕಿ, ಗಂಡು ಹೆಣ್ಣು ಹುಡುಕಿಕೊಳ್ಳಬೇಕು. ತನಗೇ ಮದುವೆಯಿಲ್ಲದವನು ಊರಿಗೆಲ್ಲ ಮದುವೆ ಮಾಡಿಸ ಹೊರಟದ್ದು ಬೋಳುತಲೆಯವನು ಬಾಚಣಿಗೆ ಮಾರಿದ ಹಾಗಾಯಿತು ಎಂದೆ. ಅವನು ಬೇಸರಿಸಲಿಲ್ಲ. ಬಾಚಣಿಗೆ ಮಾರುವವನಿಗೆ ತಲೆ ಬಾಚುವವರ ಪರಿಚಯವಾದರೂ ಆಗುತ್ತದಲ್ಲ ಎಂದ.

ಇನ್ನೂರು ಮಂದಿ ಹೆಸರು ಹಾಕಿದರು. ಇನ್ನೂರು ಮಂದಿಯೂ ಪಾಸ್‌ವರ್ಡ್ ಮರೆತರು. ಮರೆತವರಿಗೆ ಹೊಸದನ್ನು ಇಮೇಲಿಗೆ ಕಳಿಸುವ ಏರ್ಪಾಡಿತ್ತು. ಇಮೇಲಿನ ಪಾಸ್‌ವರ್ಡನ್ನು ಅವರು ಅದಕ್ಕಿಂತಲೂ ಮೊದಲೇ ಮರೆತಿದ್ದರು. ಎಲ್ಲರ ಫೋನೂ ಫಿಡೆಲಿಸನಿಗೇ. ಕ್ರೇನಿನ ಮೇಲಿಂದ ಒಬ್ಬ, ಹೋಟೆಲಿನ ಲಾಂಡ್ರಿಯಿಂದ ಒಬ್ಬಳು. ಇನ್ನೊಬ್ಬ ಊರಿನಲ್ಲಿ ಬೇರೆ ಕಡೆ ನಿಶ್ಚಯ ಮುಗಿಸಿಕೊಂಡು, ಹೆಂಡತಿಯಾಗುವವಳು ನೋಡುವ ಮೊದಲು ನನ್ನ ಫೋಟೋ ತೆಗೆ ಮಾರಾಯ ಎಂದು ಅಂಗಲಾಚಿದನಂತೆ.

ನಾನು ವ್ಯಾಪಾರದ ಬುದ್ಧಿ ಹೇಳಿದೆ. ನನ್ನ ಅಂಗಡಿಗೆ ಬರುವವರನ್ನು ಬಾಗಿಲಲ್ಲಿ ನಿಲ್ಲಿಸಿ ಗುಟ್ಟಿನ ಮಾತು ಕೇಳಿದರೆ ಒಬ್ಬನಾದರೂ ಒಳಗೆ ಬರುತ್ತಾನಾ?

“ಫೇಸ್‌ಬುಕ್ ಎಲ್ಲರಿಗೂ ಉಂಟು ಪೂಂಜರೆ,” ಎಂದ ಫಿಡೆಲಿಸ್. “ಒಂದು ನೀಲಿ ಗುಂಡಿ ಇಡುವುದು. ಒತ್ತಿದ ಕೂಡಲೇ ಇವನು ಇಂಥವನೇ ಅಂತ ಫೇಸ್‌ಬುಕ್ ನನಗೆ ಹೇಳ್ತದೆ. ನಾನು ಬಾಗಿಲು ತೆಗೆಯುವುದು, ಖಲಾಸ್.”

ಪರಿಚಯದವರ ಚೀಟಿ ತಂದವನಿಗೆ ಉದ್ರಿ ಕೊಡುವ ಹಾಗೆ. ನನಗೆ ಒಪ್ಪಿಗೆಯಾಯಿತು. ಆ ಚೀಟಿ ತಂದವನೂ ಚೀಟಿಯಲ್ಲಿ ಹೆಸರಿರುವವನೂ ಒಬ್ಬನೇ ಹೌದಾ ಎಂದು ನಾನು ಕೇಳಬೇಕಿತ್ತು. ಬಟ್ಟೆಯ ವಿಷಯವಾಗಿದ್ದರೆ ಕೇಳುತ್ತಿದ್ದೆ.

ಗುಂಡಿ ಕೂರಿಸಲು ಮೂರು ವಾರ ಹಿಡಿಯಿತು. ಮೊದಲ ವಾರ ಒತ್ತಿದರೆ ಬರೀ ಬಿಳಿ ಪುಟ. ಫೇಸ್‌ಬುಕ್ಕಿನಿಂದ ವಾಪಸು ಬರುವ ವಿಳಾಸದಲ್ಲಿ ಒಂದು ಓರೆಗೀಟು ಕಡಿಮೆಯಾಗಿತ್ತಂತೆ. ಅಷ್ಟಕ್ಕೇ ಮನುಷ್ಯ ಹೋದವನು ವಾಪಸಿಲ್ಲ.

ಇದಕ್ಕೂ ಮೊದಲೇ ಸೈಟಿಗೆ ನ್ಯಾನ್ಸಿ ಎಂಬವಳು ಬಂದಿದ್ದಳು. ಮೂವತ್ತನಾಲ್ಕು ವರ್ಷ, ಮದೀನತ್ ಜಾಯೆದ್‌ನ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಹೊಸ ಹೆಸರು ಬಂದರೆ ಮೊದಲು ನೋಡುವವನು ಸೈಟಿನ ಯಜಮಾನ. ಇವನು ನೋಡಿದ, ಬಿದ್ದ. ಆಮೇಲೆ ಮೂರು ತಿಂಗಳು, ದಿನಾ ಬೆಳಿಗ್ಗೆ ಏಳು ಗಂಟೆಗೆ ಕಂಪನಿ ಬಸ್ಸಿನಲ್ಲೋ, ರಜೆಯಾದರೆ ಫ್ಲ್ಯಾಟಿನಲ್ಲೋ ಕೂತು ಫೋನಿನಿಂದ ಅವಳಿಗೆ ಒಂದು ಮೆಸೇಜು: ‘ಇವತ್ತು ಅಲ್ಲಿ ಧೂಳುಂಟಾ?’ ಅಷ್ಟೇ. ತೊಂಬತ್ತು ದಿನ, ತೊಂಬತ್ತು ಧೂಳು. ಉತ್ತರವಿಲ್ಲ. ಬೇರೆ ಏನಾದರೂ ಕೇಳು ಎಂದರೆ, ಬೇರೆ ಕೇಳಲು ಹೆದರಿಕೆಯಾಗುತ್ತದೆ ಎಂದ. ಇವಳೊಬ್ಬಳು ಒಪ್ಪದಿದ್ದರೆ ಇನ್ನು ಯಾರನ್ನೂ ಕೇಳುವುದಿಲ್ಲ, ಸೈಟನ್ನೂ ಮುಚ್ಚುತ್ತೇನೆ ಎಂದ. ಹೇಳುವಾಗ ಬಿಸ್ಕತ್ತು ಚಹಾದಲ್ಲಿ ಕರಗಿ ಬಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ. ಹಾಗಾಗಿ ನಾನು ಗೇಲಿ ಮಾಡುವುದನ್ನು ಅಂದಿನ ಮಟ್ಟಿಗೆ ನಿಲ್ಲಿಸಿದೆ.

ನೀಲಿ ಗುಂಡಿ ಒಂದು ಮಂಗಳವಾರ ಸರಿಯಾಯಿತು. ಸಂಜೆ ಫ್ಲ್ಯಾಟಿನವರಿಗೆಲ್ಲ ಸಾರಿ ಹೇಳಿ, ಇವನು ಓವರ್‌ಟೈಮಿಗೆ ಹೋದ. ಆ ಫ್ಲ್ಯಾಟಿನ ಹಜಾರದಲ್ಲಿ ಒಂದೇ ಕಂಪ್ಯೂಟರು, ಎಲ್ಲರಿಗೂ ಸೇರಿದ್ದು, ಫ್ರಿಜ್ಜಿನ ಹಾಗೆ. ಆದರೆ ಅದರಲ್ಲಿ ಫೇಸ್‌ಬುಕ್ ತೆರೆದಿಟ್ಟವನು ಫಿಡೆಲಿಸ್ ಒಬ್ಬನೇ. ತೆರೆದದ್ದನ್ನು ಮುಚ್ಚುವ ಅಭ್ಯಾಸ ಅವನಿಗಿಲ್ಲ. ನಾಲ್ಕು ಮಂದಿ ಒಬ್ಬರ ಹಿಂದೆ ಒಬ್ಬರು ನೀಲಿ ಗುಂಡಿ ಒತ್ತಿದರು. ಪಾಸ್‌ವರ್ಡ್ ಕೇಳಲಿಲ್ಲ, ಏನೂ ಕೇಳಲಿಲ್ಲ. ಮೇಲೆ ಫಿಡೆಲಿಸನ ಫೋಟೋ, ಕೆಳಗೆ ‘ಫಿಡೆಲಿಸ್, ಸ್ವಾಗತ’. ಯಾರಿಗೂ ಸಂಶಯ ಬರಲಿಲ್ಲ. ನಮ್ಮ ಉಡುಪಿ ಹೋಟೆಲುಗಳ ಗಲ್ಲಾದ ಮೇಲೆ ಯಜಮಾನನ ಫೋಟೋ ಇರುವುದಿಲ್ಲವಾ, ಇದೂ ಹಾಗೆಯೇ ಎಂದುಕೊಂಡರು. ಹಾರವೊಂದು ಕಡಿಮೆಯಾಯಿತು ಎಂದನಂತೆ ಒಬ್ಬ.

ಫಿಡೆಲಿಸ್ ದಿನಾ ಬರೆಯುತ್ತಿದ್ದದ್ದರಿಂದ ಪುಟದ ಎಲ್ಲಕ್ಕಿಂತ ಮೇಲೆ ಕಾಣುತ್ತಿದ್ದವಳು ನ್ಯಾನ್ಸಿ. ಸೈಟು ಎಲ್ಲರಿಗೂ ಮೊದಲು ಇವಳನ್ನೇ ತೋರಿಸುತ್ತದೆ ಎಂದು ತಿಳಿದು ನಾಲ್ವರೂ ಅವಳಿಗೇ ಬರೆದರು. ನಾಲ್ಕೂ ಹೋದದ್ದು ಫಿಡೆಲಿಸನ ಹೆಸರಿನಲ್ಲಿ, ಅವನದೇ ಫೋಟೋ ಹೊತ್ತು.

ಇವನಿಗೆ ಗೊತ್ತಾದದ್ದು ಮಾರನೆಯ ಬೆಳಿಗ್ಗೆ, ಧೂಳು ವಿಚಾರಿಸಲು ತೆರೆದಾಗ. ತೊಂಬತ್ತು ದಿನದಲ್ಲಿ ಮೊದಲ ಸಲ ಅವಳ ಉತ್ತರ ಬಂದಿತ್ತು: ‘ಬರುವ ಶುಕ್ರವಾರ ದುಬೈಯಲ್ಲಿ ಇರ್ತೇನೆ. ನೀವು ಎಷ್ಟು ಜನ?’

ಫ್ಲ್ಯಾಟಿನಲ್ಲಿ ವಿಚಾರಿಸಿ, ಯಾರು ಯಾವುದು ಬರೆದದ್ದೆಂದು ತಿಳಿದ ಮೇಲೆ ನನಗೆ ಫೋನು ಮಾಡಿದ. ಸ್ವರ ಕೇಳಿದರೆ ಕೆಲಸ ಕಳೆದುಕೊಂಡವನ ಹಾಗಿತ್ತು. ನನ್ನ ಮಹಡಿಗೇ ಕರೆಯಲು ಹೇಳಿದೆ.

ಶುಕ್ರವಾರ ಅವಳು ಕರಾಮದ ಚಿಕ್ಕಮ್ಮನ ಮಗಳ ಮನೆಯಿಂದ ಒಬ್ಬಳೇ ಬಂದಳು. ತೆಳ್ಳಗೆ, ಎತ್ತರ, ಆಗಲೇ ಬಂದು ಕೂತಿದ್ದ ಫಿಡೆಲಿಸನಿಗಿಂತ ಎರಡಂಗುಲ ಹೆಚ್ಚೇ. ಕೂತವಳೇ ಚೀಲದಿಂದ ನಾಲ್ಕೈದು ಹಾಳೆ ತೆಗೆದು ನನ್ನ ಸೀರೆ ಬಿಡಿಸುವ ಗಾದಿಯ ಮೇಲೆ ಹಾಸಿದಳು. ಮೆಸೇಜುಗಳನ್ನೆಲ್ಲ ಪ್ರಿಂಟು ತೆಗೆದಿದ್ದಳು, ರಕ್ತಪರೀಕ್ಷೆಯ ಫಾರಮುಗಳ ಹಿಂಬದಿಯಲ್ಲಿ. ನನ್ನ ಮರ್ಯಾದೆಗೆ ಕೊಂಕಣಿ ಬಿಟ್ಟು ಕನ್ನಡದಲ್ಲೇ ಮಾತಾಡಿದಳು.

ಒಂದರಲ್ಲಿ ಫಿಡೆಲಿಸನ ಎತ್ತರ ಐದಡಿ ಹನ್ನೊಂದಂಗುಲವಿತ್ತು. ಇನ್ನೊಂದು ಅವಳ ಸಂಬಳವೆಷ್ಟು, ಕ್ಲಿನಿಕ್ಕಿನಲ್ಲಿ ತಮ್ಮನಿಗೆ ಕೆಲಸ ಸಿಗಬಹುದಾ ಎಂದು ಕೇಳಿತ್ತು. ಮೂರನೆಯದರಲ್ಲಿ ಫ್ಲ್ಯಾಟಿನ ನೆಲ್ಸನ್ ಎಂಬವನು, ತಾನು ಒಬ್ಬನೇ ಮಗ, ಸ್ವಂತ ಮನೆಯಿದೆ, ಅಮ್ಮನಿಗೆ ಕಿವಿ ಕೇಳುವುದಿಲ್ಲ ಎಂದು ಅನುಕೂಲಗಳನ್ನು ಪಟ್ಟಿ ಮಾಡಿದ್ದ. ಇವನ್ನೆಲ್ಲ ಅವಳು ಬ್ಯಾಂಡೇಜು ಬಿಚ್ಚುವವಳಂತೆ ಒಂದೊಂದಾಗಿ ಬದಿಗಿಟ್ಟಳು. ಕೊನೆಗೆ ಒಂದು ಹಾಳೆ ಕೈಯಲ್ಲಿ ಉಳಿಯಿತು. ಅದನ್ನು ಓದಿದಳು.

“‘ಫ್ಲ್ಯಾಟಿನಲ್ಲಿ ಎಂಟು ಜನರ ಮೀನು ತೊಳೆಯುವುದು ನಾನೇ. ವಾರಕ್ಕೆ ಹತ್ತು ಕಿಲೋ. ಮದುವೆಯಾದ ಮೇಲೂ ನಾನೇ ತೊಳೆಯುತ್ತೇನೆ. ಅದು ಹೆಂಗಸರದ್ದೇ ಕೆಲಸ ಅಂತ ಎಲ್ಲಿಯೂ ಬರೆದಿಲ್ಲ.’”

ಹಾಳೆ ಕೆಳಗಿಟ್ಟಳು. “ಹನ್ನೆರಡು ವರ್ಷದಿಂದ ಗಾಯ ತೊಳೀತಾ ಇದ್ದೇನೆ. ಮನೆಗೆ ಬಂದೂ ತೊಳೆಯುವುದು ನನಗೆ ಬೇಡ. ಇದನ್ನು ಬರೆದವರು ಯಾರು? ಅವರನ್ನು ನೋಡಲಿಕ್ಕೇ ನಾನು ಬಂದದ್ದು.”

ನಾನು ಫಿಡೆಲಿಸನಿಗೆ ಕಣ್ಣು ಮಿಟುಕಿಸಿದೆ. ಹೆಸರು ಅವನದು, ಫೋಟೋ ಅವನದು, ಸೈಟೂ ಅವನದು. ನನ್ನ ಕಪಾಟಿನೊಳಗಿರುವ ಸೀರೆಯನ್ನು ನೇಯ್ದವರು ಯಾರೆಂದು ಯಾರಾದರೂ ಕೇಳುತ್ತಾರಾ? ಇದು ನನ್ನದೇ ಎಂದರೆ ಮುಗಿಯಿತು. ಅವನಿಗೆ ಕಾಣಲಿಲ್ಲವೇನೋ ಎಂದು ಇನ್ನೊಮ್ಮೆ ಮಿಟುಕಿಸಿದೆ. ಕಂಡಿತ್ತು. ಬಡವ ಜೇಬಿನಲ್ಲಿ ಕೈಯಿಟ್ಟುಕೊಂಡು ಬೆವರುತ್ತಿದ್ದ.

“ಅದು ಹರ್ಬರ್ಟ್ ಬರೆದದ್ದು,” ಎಂದ. “ಕೆಳಗೆ ಗಾಡಿಯಲ್ಲಿ ಇದ್ದಾರೆ.”

“ಹಾಗಾದರೆ ನಿಮ್ಮದು ಯಾವುದು?”

“ಧೂಳಿನದ್ದು.”

ಅದು ಮನುಷ್ಯ ಬರೆದದ್ದೆಂದು ನ್ಯಾನ್ಸಿಗೆ ಆಗಲೇ ಗೊತ್ತಾದದ್ದು. ದಿನಾ ಏಳಕ್ಕೆ ಸರಿಯಾಗಿ ಒಂದೇ ಮಾತು ಬರುತ್ತಿದ್ದದ್ದರಿಂದ, ಅದನ್ನು ಸೈಟು ತಾನಾಗಿ ಎಲ್ಲರಿಗೂ ಕಳಿಸುವ ಹವಾಮಾನದ ಸೇವೆ ಎಂದುಕೊಂಡಿದ್ದಳಂತೆ. ಚೆನ್ನಾಗಿದೆ, ಆದರೆ ಉತ್ತರ ಕೊಡುವ ಅಗತ್ಯವಿಲ್ಲ ಎಂದುಕೊಂಡಿದ್ದಳಂತೆ.

ಹರ್ಬರ್ಟನನ್ನು ಕರೆಸಿದೆವು. ನಲವತ್ತಾರು ವರ್ಷ, ಸ್ಟೋರ್‌ಕೀಪರ್, ಮೀಸೆಗೆ ಹೊಸದಾಗಿ ಕಪ್ಪು ಬಳಿದಿದ್ದ. ಮೆಟ್ಟಿಲಲ್ಲೇ ಸಂಗತಿ ತಿಳಿದು, ಮೇಲೆ ಬರುವಷ್ಟರಲ್ಲಿ ಮದುಮಗನ ನಡಿಗೆ ಬಂದಿತ್ತು. ಫಿಡೆಲಿಸ್ ಎದ್ದು ಅವನಿಗೆ ಜಾಗ ಬಿಟ್ಟುಕೊಟ್ಟು ಕಿಟಕಿಯ ಹತ್ತಿರ ನಿಂತ. ನನಗೆ ಅವನ ಮುಖ ನೋಡಲಾಗಲಿಲ್ಲ. ಟವೆಲುಗಳ ಕಡೆ ನೋಡಿದೆ.

ನ್ಯಾನ್ಸಿ ಹೆಚ್ಚು ಕೇಳಲಿಲ್ಲ. ಬೊಂಡಾಸ್, ಅಂದರೆ ಸ್ಕ್ವಿಡ್, ಹೇಗೆ ತೊಳೆಯುತ್ತೀರಿ ಎಂದಳು.

“ಅದೆಂತ ದೊಡ್ಡದು,” ಎಂದ ಹರ್ಬರ್ಟ್. “ಮೊದಲು ಚೂರಿಯಲ್ಲಿ ಹುರುಪೆ ಎಲ್ಲ ಉಜ್ಜಿ ತೆಗೆಯುವುದು...”

“ಬೊಂಡಾಸಿಗೆ ಹುರುಪೆ ಎಲ್ಲಿಯದು ಮಾರಾಯ್ರೆ?” ಕಿಟಕಿಯಿಂದ ಸ್ವರ ಬಂತು. ಠಸ್ಸೆಯವನಿಗೆ ತಪ್ಪು ನಕ್ಷೆ ಕಂಡರೆ ಸುಮ್ಮನಿರಲಾಗುವುದಿಲ್ಲ. “ತಲೆ ಹಿಡಿದು ಮೆಲ್ಲ ಎಳೆಯಬೇಕು. ಒಳಗೆ ಶಾಯಿಯ ಚೀಲ ಉಂಟು, ಅದು ಒಡೆದರೆ ಕೆಟ್ಟಿತು. ಮತ್ತೆ ಬೆನ್ನಿನ ಕಡ್ಡಿ. ಪ್ಲಾಸ್ಟಿಕಿನ ಹಾಗಿರ್ತದೆ. ನೀವು ಎಂಟು ವರ್ಷದಲ್ಲಿ ಒಂದು ದಿನ ಸಿಂಕಿನ ಹತ್ತಿರ ಬಂದಿದ್ದರೆ ಗೊತ್ತಾಗ್ತಿತ್ತು.”

ಹರ್ಬರ್ಟ್ ಮೀಸೆ ಮುಟ್ಟಿಕೊಂಡ, ಬೆರಳಿಗೆ ಕಪ್ಪು ಹತ್ತಿತು.

ಸಂಗತಿ ಸರಳ. ಆ ಫ್ಲ್ಯಾಟಿನ ಮೆಸ್ಸಿನಲ್ಲಿ ದಿನಕ್ಕೊಬ್ಬರು ಅಡುಗೆ ಮಾಡಬೇಕು. ಫಿಡೆಲಿಸನ ಅಡುಗೆಯನ್ನು ಒಂದು ಸಲ ಉಂಡವರು ಅವನನ್ನು ಶಾಶ್ವತವಾಗಿ ಮೀನು ತೊಳೆಯುವುದಕ್ಕೆ ಹಾಕಿದ್ದರು. ಶುಕ್ರವಾರ ಬೆಳಿಗ್ಗೆ ಹತ್ತು ಕಿಲೋ ಮುಗಿಸಿ, ಲಿಂಬೆಹುಳಿ ಉಜ್ಜಿಕೊಂಡೇ ಅವನು ಇಗರ್ಜಿಗೆ ಹೊರಡುತ್ತಿದ್ದದ್ದು. ಹೆಣ್ಣಿಗೆ ಬರೆಯಲು ಕೂತ ಹರ್ಬರ್ಟನಿಗೆ ತನ್ನಲ್ಲಿ ಹೇಳಿಕೊಳ್ಳುವಂಥದ್ದೇನೂ ಹೊಳೆಯದೆ, ಎದುರಿಗಿದ್ದ ಫೋಟೋದವನ ಗುಣವನ್ನೇ ಎತ್ತಿ ತನ್ನದೆಂದು ಬರೆದುಬಿಟ್ಟಿದ್ದ. ಬಾಗಿಲು ಒಬ್ಬನದೇ ಆಗಿತ್ತಲ್ಲ, ಒಳಗಿನ ಸಾಮಾನೂ ತೆಗೆದುಕೊಂಡ.

“ಕೈ ತೋರಿಸಿ,” ಎಂದಳು ನ್ಯಾನ್ಸಿ, ಫಿಡೆಲಿಸನಿಗೆ.

ಅವನು ಜೇಬಿನಿಂದ ತೆಗೆದ. ಅವಳು ಹೆಬ್ಬೆರಳು ತಿರುಗಿಸಿ, ವಾರ್ಡಿನಲ್ಲಿ ನೋಡುವ ಹಾಗೆ ನೋಡಿದಳು. ಹಳೆಯ ಗೀರುಗಳು, ಒಂದು ಹೊಸದು.

“ಇದು ಬಂಗುಡೆಯ ಮುಳ್ಳು. ಡೆಟಾಲ್ ಹಾಕಲಿಲ್ಲ.”

“ಲಿಂಬೆಹುಳಿ ಹಾಕಿದೆ.”

“ನಾಳೆಯಿಂದ ಧೂಳು ಬೇಡ,” ಎಂದಳು.

“ಮತ್ತೆ ಎಂತ ಬರೆಯಲಿ?”

“ಯಾವ ಮೀನು ಸಿಕ್ಕಿತು ಅಂತ ಬರೆಯಿರಿ. ಉತ್ತರ ಕೊಡ್ತೇನೆ.”

ಹರ್ಬರ್ಟ್ ಅಂದು ನಾಚಿಕೆಗೆ ಎರಡು ಟವೆಲು ಕೊಂಡ. ಆ ಸಂಜೆಯೇ ಫಿಡೆಲಿಸ್ ಹಜಾರದ ಕಂಪ್ಯೂಟರಿನಲ್ಲಿ ತನ್ನ ಫೇಸ್‌ಬುಕ್ ಮುಚ್ಚಿದ. ಸೈಟಿನಲ್ಲಿ ನೀಲಿ ಗುಂಡಿ ಒತ್ತಿದವರಿಗೆ ಈಗ ಮೊದಲೊಂದು ಪುಟ ಬರುತ್ತದೆ: ಈ ಫೋಟೋದಲ್ಲಿರುವವರು ನೀವೇ ಹೌದಾ? ಅಲ್ಲ ಎಂದು ಒತ್ತುವವರೂ ದಿನಕ್ಕೆ ಮೂರ್ನಾಲ್ಕು ಮಂದಿ ಇದ್ದಾರಂತೆ.

ಏಳು ತಿಂಗಳ ಮೇಲೆ ಇಬ್ಬರೂ ಮತ್ತೆ ನನ್ನ ಮಹಡಿ ಹತ್ತಿದರು, ಸಾಡೊ ನೋಡಲು. ಸಾಡೊ ಎಂದರೆ ಅವರ ಮದುವೆಯ ಕೆಂಪು ಸೀರೆ, ಗಂಡಿನ ಕಡೆಯವರು ಕೊಡುವುದು. ಒಳ್ಳೆಯದನ್ನೇ ಬಿಡಿಸಿದೆ. ಫಿಡೆಲಿಸ್ ಸೆರಗಿನ ಕಡೆ ಕೈ ಚಾಚಿದ. ನನ್ನ ಬಾಯಿಗೆ ಹಳೆಯ ಅಭ್ಯಾಸ. ಕೈ ಜೇಬಿನಲ್ಲಿರಲಿ ಎಂದುಬಿಟ್ಟೆ.

“ಮುಟ್ಟಲಿ ಪೂಂಜರೆ,” ಎಂದಳು ನ್ಯಾನ್ಸಿ. “ಉಡುವವಳು ನಾನು.”

ಅವನು ಐದೂ ಬೆರಳು ಇಟ್ಟು ಮುಟ್ಟಿದ. ಮುಟ್ಟಿದ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಹೇಳಿ ನಾನು ಸೀರೆ ಮಡಚತೊಡಗಿದೆ.