ಮಗಳನ್ನು ಬೈಯಿರಿ ಎಂದ ನರ್ಸಮ್ಮ

ಎದುರುಮನೆ ನರ್ಸಮ್ಮನ ಬಲಗೈ ಹೆಬ್ಬೆರಳು ಯಾವಾಗಲೂ ಹರಳೆಣ್ಣೆಯಿಂದ ಮಿನುಗುತ್ತಿತ್ತು. ಎಷ್ಟು ಸೋಪು ಹಾಕಿ ತೊಳೆದರೂ ಉಗುರಿನ ಸುತ್ತ ಜಿಡ್ಡು ಉಳಿದೇ ಇರುತ್ತಿತ್ತು. ಅವರ ಕೈಲಿ ಇಂಜೆಕ್ಷನ್ ಚುಚ್ಚಿಸಿಕೊಳ್ಳಲು ಹೋದವರಿಗೆ ಮೊದಲು ಸ್ಪಿರಿಟ್ ವಾಸನೆ, ಅದರ ಹಿಂದೆಯೇ ಹರಳೆಣ್ಣೆ ವಾಸನೆ. ಅದು ಮಗಳ ತಲೆಗೆ ಹಚ್ಚುವ ಎಣ್ಣೆ. ಮಗಳು ಲಿಲ್ಲಿಯ ಕೂದಲು ಉಂಗುರ ಉಂಗುರವಾಗಿ, ಒತ್ತಾಗಿ, ಬಾಚಣಿಗೆಯ ಹಲ್ಲು ಮುರಿಯುವಂತೆ ಇತ್ತು. ಹರಳೆಣ್ಣೆ ಬಿಟ್ಟರೆ ಬೇರೆ ಯಾವುದಕ್ಕೂ ಬಗ್ಗುತ್ತಿರಲಿಲ್ಲ.

ನರ್ಸಮ್ಮ ಮತ್ತು ಅವರ ಯಜಮಾನರು ಟಾಂಜಾನಿಯಾದ ಒಂದು ಮಿಷನ್ ಆಸ್ಪತ್ರೆಯಲ್ಲಿ ಹಲವು ವರ್ಷ ಕೆಲಸಕ್ಕಿದ್ದರು. ಇವರು ಹೆರಿಗೆ ವಾರ್ಡಿನಲ್ಲಿ, ಅವರು ಅಲ್ಲಿನ ಜನರೇಟರು, ನೀರಿನ ಪಂಪು ನೋಡಿಕೊಳ್ಳುವ ಕೆಲಸದಲ್ಲಿ. ಅವರಿಗೆ ಮಕ್ಕಳಿರಲಿಲ್ಲ. ಒಮ್ಮೆ ವಾರ್ಡಿನಲ್ಲಿ ಹೆತ್ತ ಹೆಂಗಸೊಬ್ಬಳು ತೀರಿಕೊಂಡಳು, ಮಗುವನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಆ ಮಗುವನ್ನು ದತ್ತು ತೆಗೆದುಕೊಂಡು ಊರಿಗೆ ಕರೆತರಬೇಕಾದರೆ ಅಲ್ಲಿನ ಕೋರ್ಟೂ ಒಪ್ಪಬೇಕು, ಇಲ್ಲಿನ ಸರ್ಕಾರವೂ ಒಪ್ಪಬೇಕು. ಅವರು ಒಂದು ಕಾಗದ ಕೇಳಿದರೆ ಇವರು ಇನ್ನೊಂದು ಕೇಳುತ್ತಿದ್ದರಂತೆ. "ಹೆರೋರಿಗೆ ಒಂಬತ್ತು ತಿಂಗಳು, ನಂಗೆ ಮೂರು ವರ್ಷ ಹಿಡೀತು ಕಣವ್ವ," ಎಂದು ನರ್ಸಮ್ಮ ಹೇಳುತ್ತಿದ್ದರು.

ಹಾಗೆ ಮೂವರೂ ಹೆಗ್ಗಡದೇವನಕೋಟೆಗೆ ಬಂದು ನಮ್ಮ ಎದುರುಮನೆಯನ್ನು ಬಾಡಿಗೆಗೆ ಹಿಡಿದರು. ನರ್ಸಮ್ಮ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋಗತೊಡಗಿದರು. ಕೆ.ಆರ್. ನಗರದಲ್ಲಿದ್ದ ಅವರ ಅಣ್ಣ ಮಾತ್ರ, ನಮ್ಮ ಕಡೆ ಮಕ್ಕಳೇ ಇರಲಿಲ್ಲವಾ ಎಂದು ಮುನಿಸಿಕೊಂಡು ತಂಗಿಯ ಮನೆ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು.

ನಾನು ಆಗ ಮದುವೆಯಾಗಿ ಈ ಬೀದಿಗೆ ಬಂದು ಕೆಲವು ವರ್ಷಗಳಾಗಿದ್ದವು. ನೀರಿಗೆ ಹೋದರೂ ಅಂಗಡಿಗೆ ಹೋದರೂ ಹೆಂಗಸರು ನನ್ನ ಹೊಟ್ಟೆ ನೋಡಿ "ಏನಾರ ವಿಶೇಷ ಐತಾ?" ಅನ್ನುವವರೇ. ನರ್ಸಮ್ಮ ಒಂದು ದಿನವೂ ಕೇಳಲಿಲ್ಲ. "ಸಾರಿಗೆ ಏನ್ ಹಾಕಿದ್ದಿ?" ಅಷ್ಟೇ ಅವರ ವಿಚಾರಣೆ. ಆ ಒಂದು ಕಾರಣಕ್ಕೇ ನಾನು ಅವರನ್ನು ಹಚ್ಚಿಕೊಂಡೆ. ಬೀದಿಯವರು ಅವರ ಎದುರಿಗೇ ನನಗೆ, "ನರ್ಸಮ್ಮನಂಗೆ ನೀನೂ ಒಂದ್ ತಂದ್ಕಳವ್ವ, ಪುಣ್ಯ ಬತ್ತದೆ," ಎಂದಾಗ ಅವರಿಗೆ ಸಿಟ್ಟು ಬಂದುಬಿಡುತ್ತಿತ್ತು. "ಪುಣ್ಯಕ್ಕೆ ಅಂತ ಯಾರು ತಂದ್ರು? ನಂಗೆ ಅವಳು ಬೇಕಿತ್ತು, ತಂದೆ," ಎಂದು ಮಾತು ಮುಗಿಸುತ್ತಿದ್ದರು.

ಕೂದಲನ್ನು ಸಣ್ಣ ಸಣ್ಣ ಎಳೆಗಳಾಗಿ ತೆಗೆದು ಬಿಗಿಯಾಗಿ ಹೆಣೆಯುವುದನ್ನು ನರ್ಸಮ್ಮ ಅಲ್ಲಿನ ಹೆಂಗಸರಿಂದ ಕಲಿತು ಬಂದಿದ್ದರು. ಅಷ್ಟೂ ಹೆಣಿಗೆಗಳು ಲಿಲ್ಲಿಯ ಭುಜದವರೆಗೆ ಹಗ್ಗದಂತೆ ಇಳಿಬಿದ್ದಿರುತ್ತಿದ್ದವು. ನಮ್ಮ ಕಡೆಯಲ್ಲಿ ಕೂದಲು ತಾನಾಗಿಯೇ ಗಂಟುಕಟ್ಟಿದರೆ ಅದು ದೇವಿಯ ಗುರುತು. ಅದಕ್ಕೆ ಕತ್ತರಿ ತಾಗಿಸುವುದಿಲ್ಲ, ಅಂಥವರನ್ನು ಗದರುವುದಿಲ್ಲ. ಲಿಲ್ಲಿಯ ತಲೆ ನೋಡಿದ ನಮ್ಮತ್ತೆ, "ಅಮ್ಮನೋರು ಜಟೆಯಾಗಿ ಬಂದವ್ಳೆ, ಎಳೇ ಮಗೀಗೆ ಬಂದವ್ಳೆ ಅಂದ್ರೆ ಸಾಮಾನ್ಯ ಅಲ್ಲ," ಎಂದು ತೀರ್ಮಾನಿಸಿಬಿಟ್ಟರು. ನಮ್ಮತ್ತೆ ತೀರ್ಮಾನ ಮಾಡಿದ ಮೇಲೆ ಬೀದಿಯಲ್ಲಿ ಅಪೀಲಿರಲಿಲ್ಲ.

ಒಂದು ಶುಕ್ರವಾರ ಅತ್ತೆ ನಾಲ್ಕೈದು ಹೆಂಗಸರನ್ನು ಕಟ್ಟಿಕೊಂಡು, ತಟ್ಟೆಯಲ್ಲಿ ಅರಿಶಿನ ಕುಂಕುಮ ಬಾಳೆಹಣ್ಣು ಇಟ್ಟುಕೊಂಡು ಎದುರುಮನೆ ಜಗುಲಿಗೆ ಹೋದರು. ಲಿಲ್ಲಿ ಬಿಸ್ಕತ್ತು ತಿನ್ನುತ್ತ ಕೂತಿದ್ದಳು. ಅವಳ ಕಾಲಿಗೆ ಅರಿಶಿನ ಹಚ್ಚಿ ಎಲ್ಲರೂ ಕೈಮುಗಿದರು. ದೇವಿ ಬಾಳೆಹಣ್ಣನ್ನು ಅಲ್ಲೇ ಸುಲಿದು ತಿಂದಳು. ಡ್ಯೂಟಿಗೆ ಹೋಗಿದ್ದ ನರ್ಸಮ್ಮನಿಗೆ ಸಂಜೆ ಮಗಳ ಕಾಲು ತೊಳೆಯುವಾಗಲೇ ವಿಷಯ ಗೊತ್ತಾದದ್ದು. ನನಗೆ ನಗು ತಡೆಯಲಾಗಲಿಲ್ಲ. ಅವರೂ ಮೊದಲು ನಕ್ಕರು.

ಆದರೆ ಅದು ಒಂದು ದಿನಕ್ಕೆ ಮುಗಿಯಲಿಲ್ಲ. ಅಮ್ಮನೋರ ಮೈ ಮುಟ್ಟಿ ಮೈಲಿಗೆ ಮಾಡಬೇಡಿ ಎಂದು ತಾಯಂದಿರು ಮಕ್ಕಳಿಗೆ ಹೇಳಿಕೊಟ್ಟರು. ಕುಂಟೆಬಿಲ್ಲೆ ಆಡುವ ಮಕ್ಕಳು ಲಿಲ್ಲಿ ಹೋದ ಕೂಡಲೇ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಮಗು ಒಬ್ಬಳೇ ಬಿಲ್ಲೆ ಎಸೆದು, ಒಬ್ಬಳೇ ಕುಂಟಿ, ಮನೆಗೆ ಹೋಗುತ್ತಿತ್ತು. ಒಂದು ದಿನ ಅವಳು ನಮ್ಮ ಸೀಬೆ ಮರ ಹತ್ತಿ ಎಳೆಗಾಯಿಗಳನ್ನೆಲ್ಲ ಉದುರಿಸಿದಳು. ಸೀಬೆ ಮರವೆಂದರೆ ಅತ್ತೆಗೆ ಪ್ರಾಣ. ಆದರೂ ಅವರು ತುಟಿ ಬಿಚ್ಚಲಿಲ್ಲ, ಬಿದ್ದ ಕಾಯಿಗಳನ್ನು ಆಯ್ದು ಅವಳ ಮಡಿಲಿಗೇ ತುಂಬಿದರು.

ಅವತ್ತು ನರ್ಸಮ್ಮ ನಗಲಿಲ್ಲ. ಯೂನಿಫಾರ್ಮಿನಲ್ಲೇ ಲಿಲ್ಲಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದು ಅತ್ತೆಯ ಎದುರು ನೆಲದ ಮೇಲೆ ಕೂತರು.

"ಅಮ್ಮಾ, ಬೇರೆ ಮಕ್ಕಳು ಕಾಯಿ ಉದುರಿಸಿದ್ರೆ ಏನ್ ಮಾಡ್ತಿದ್ರಿ?"

"ಬೆನ್ ಮ್ಯಾಲೆ ಎರಡು ಬುಡ್ತಿದ್ದೆ."

"ಹಂಗಾದ್ರೆ ಇವಳಿಗೂ ಬೈಯಿರಿ. ಕೈ ಮುಗೀಬೇಡಿ. ಕೈ ಮುಗಿಸ್ಕೊಂಡು ಬೆಳೆದ್ರೆ ಇವಳಿಗೆ ಈ ಬೀದೀಲಿ ಯಾರಿರ್ತಾರೆ ಹೇಳಿ?"

ನರ್ಸಮ್ಮ ಲಿಲ್ಲಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಕೈಲಿ ಹರಳೆಣ್ಣೆ ತರಿಸಿ, ಒಂದು ಹೆಣಿಗೆಯನ್ನು ತುದಿಯಿಂದ ಬಿಚ್ಚುತ್ತ ಬಂದರು. ಎಣ್ಣೆ ಹಚ್ಚಿ, ಬಾಚಿ, ಮತ್ತೆ ಹೆಣೆದರು. ಇನ್ನೊಂದು ಹೆಣಿಗೆಯನ್ನು ಅತ್ತೆಯ ಕೈಗೇ ಕೊಟ್ಟರು. ಅತ್ತೆ ಮೊದಲು ಕೈ ಹಿಂದಕ್ಕೆಳೆದುಕೊಂಡರು. ಆಮೇಲೆ ಕಣ್ಣಿಗೊತ್ತಿಕೊಂಡು, ಏನಾದರೂ ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳವ್ವ ಎಂದು ಗೊಣಗಿ, ಬಿಚ್ಚಿದರು. ಬಿಚ್ಚಿಕೊಂಡಿತು. "ಅಯ್, ಇದು ಬರೀ ಕೂದ್ಲು ಕಣವ್ವ," ಎಂದರು. ದೇವಿ ಹೋದಳೆಂದು ಸ್ವಲ್ಪ ಬೇಸರವೂ ಆಗಿತ್ತು ಅವರಿಗೆ.

ವಾರ ಕಳೆಯುವುದರೊಳಗೆ ಲಿಲ್ಲಿ ಮತ್ತೆ ಸೀಬೆ ಮರ ಹತ್ತಿದಳು. "ಲೇ ಲಿಲ್ಲಿ, ಇಳಿಯೇ ಕೆಳಕ್ಕೆ! ನಿಮ್ಮವ್ವ ಬರ್ಲಿ, ಐತೆ ನಿಂಗೆ!" ಅತ್ತೆಯ ಗಂಟಲು ಬಸ್ ಸ್ಟ್ಯಾಂಡಿಗೆ ಕೇಳುವಂತಿತ್ತು. ಎದುರಿಗೆ ಬಟ್ಟೆ ಒಣಗಿಹಾಕುತ್ತಿದ್ದ ನರ್ಸಮ್ಮ ಒದ್ದೆ ಸೀರೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ನಿಂತುಬಿಟ್ಟರು. ಅಳುತ್ತಿದ್ದರು ಎಂದು ಆಮೇಲೆ ನನಗೊಬ್ಬಳಿಗೇ ಹೇಳಿದರು.

ಲಿಲ್ಲಿ ಕೋಟೆಯ ಕನ್ನಡದಲ್ಲೇ ಬೆಳೆದಳು. ಈಗ ಮೈಸೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಬಸ್ಸಿನಲ್ಲಿ ಹೊಸ ಕಂಡಕ್ಟರು ಹರುಕುಮುರುಕು ಇಂಗ್ಲಿಷಿನಲ್ಲಿ ಟಿಕೆಟ್ ಕೇಳಿದರೆ, "ಕೋಟೆಗೊಂದ್ ಕೊಡಣ್ಣ, ಚಿಲ್ರೆ ಇಲ್ಲ," ಅನ್ನುತ್ತಾಳೆ.

ಲಿಲ್ಲಿಯ ಅಪ್ಪ ಮೊದಲೇ ತೀರಿಕೊಂಡಿದ್ದರು. ಕಳೆದ ವರ್ಷ ನರ್ಸಮ್ಮನೂ ಹೋದರು. ಕಿಡ್ನಿ ಕೈಕೊಟ್ಟಿತ್ತು. ನಮ್ಮ ಮನೆ ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿಯಿಲ್ಲ. ಅತ್ತೆ ಅವತ್ತು ಕೋಲೂರಿಕೊಂಡು, ನನ್ನ ತೋಳು ಹಿಡಿದು ಕ್ರೈಸ್ತರ ಸ್ಮಶಾನಕ್ಕೆ ಬಂದು ಗೇಟಿನ ಹತ್ತಿರ ನಿಂತರು. ಪಾದ್ರಿಗಳು ಪ್ರಾರ್ಥನೆ ಮುಗಿಸಿದರು. ಪೆಟ್ಟಿಗೆ ಕೆಳಗಿಳಿಯಿತು. ಮೊದಲ ಹಿಡಿ ಮಣ್ಣು ಹಾಕಬೇಕು. ಇಷ್ಟು ವರ್ಷದ ಮೇಲೆ ಬಂದಿದ್ದ ಕೆ.ಆರ್. ನಗರದ ಅಣ್ಣ ತನ್ನ ಮಗನನ್ನು ಮುಂದಕ್ಕೆ ಕರೆದು, "ರಕ್ತ ಸಂಬಂಧದೋರು ಮೊದಲು ಹಾಕ್ಲಿ," ಎಂದರು. ಲಿಲ್ಲಿ ಎರಡು ಹೆಜ್ಜೆ ಹಿಂದೆ ಸರಿದಳು. ಸಾವಾದಾಗಿನಿಂದ ಅವಳು ಅತ್ತೇ ಇರಲಿಲ್ಲ.

"ಲೇ ಲಿಲ್ಲಿ!" ಗೇಟಿನ ಹತ್ತಿರದಿಂದ ಅತ್ತೆ ಗದರಿದರು. "ಏನೇ ಅಂಗ್ ನಿಂತ್ಕಂಡು ನೋಡ್ತಿದ್ದೀಯ? ನಿಮ್ಮವ್ವ ಕಣೇ ಅದು. ಓಗು, ಮಣ್ಣಾಕು."

ಅಣ್ಣ ತಿರುಗಿ ನೋಡಿ ಮಗನ ತೋಳು ಹಿಡಿದು ಪಕ್ಕಕ್ಕೆ ಸರಿದರು. ಲಿಲ್ಲಿ ಬಗ್ಗಿ ಮಣ್ಣು ತೆಗೆದುಕೊಂಡಳು, ಹಾಕಿದಳು, ಅಲ್ಲೇ ಕುಸಿದು ಕೂತು ಜೋರಾಗಿ ಅತ್ತಳು.

ಅತ್ತೆ ಈಗ ಹಾಸಿಗೆ ಹಿಡಿದಿದ್ದಾರೆ, ಗಂಟಲು ಏಳುವುದಿಲ್ಲ. ನನಗೆ ಮಕ್ಕಳಾಗಲಿಲ್ಲ. ಲಿಲ್ಲಿ ಭಾನುವಾರ ಚರ್ಚ್ ಮುಗಿಸಿ ಸೀದಾ ನಮ್ಮ ಜಗುಲಿಗೆ ಬಂದು, ನನ್ನ ಮುಂದೆ ಬೆನ್ನು ಮಾಡಿ ಕೂರುತ್ತಾಳೆ. ಹೆಣೆಯುವುದು ನನಗೆ ನರ್ಸಮ್ಮನಷ್ಟು ಚೆನ್ನಾಗಿ ಬರುವುದಿಲ್ಲ, ಅರ್ಧಕ್ಕೇ ಸಡಿಲವಾಗುತ್ತದೆ. ತಲೆ ನೆಟ್ಟಗಿಟ್ಟುಕೊಳ್ಳೇ, ಊಟ ಸರಿಯಾಗಿ ಮಾಡೇ, ಆ ಫೋನು ಕೆಳಗಿಡೇ ಎಂದು ಬೈಯುವುದನ್ನು ಮಾತ್ರ ಒಂದು ವಾರವೂ ತಪ್ಪಿಸಿಲ್ಲ.