ಹನ್ನೊಂದನೇ ಮೆಟ್ಟಿಲಿನ ಹಳದಿ ಪಟ್ಟಿ

“ಒಂದು ಪಟ್ಟಿ ಅಂಟಿಸೋಕೆ ಇಷ್ಟು ಹೊತ್ತಾ ಅಕ್ಕಾ? ನಾನಾಗಿದ್ರೆ ಇಷ್ಟೊತ್ತಿಗೆ ಎಲ್ಲಾ ಮೆಟ್ಟಿಲಿಗೂ ಅಂಟಿಸಿ, ಟೀ ಕುಡಿದು, ಒಂದು ನಿದ್ದೆನೂ ತೆಗೀತಿದ್ದೆ.”

ಹೇಳಿದ್ದು ಪೇಪರಣ್ಣ. ಬೆಳಕು ಈಗಷ್ಟೇ ಹರಿಯುತ್ತಿದೆ. ಬೀದಿಯಿಂದ ಕಣ್ಣಾಸ್ಪತ್ರೆಗೆ ಹತ್ತುವ ಅರವತ್ತನಾಲ್ಕು ಕಲ್ಲು ಮೆಟ್ಟಿಲುಗಳ ಪೈಕಿ, ಕೆಳಗಿನಿಂದ ಹನ್ನೆರಡನೆಯದರ ಮೇಲೆ, ಕಬ್ಬಿಣದ ಕಂಬಿಗೆ ಒರಗಿ ಅವರು ಪೇಪರ್ ಕಟ್ಟು ಬಿಚ್ಚುತ್ತಿದ್ದಾರೆ. ಒಂದು ಮೆಟ್ಟಿಲು ಮೇಲೆ ಮಂಡಿಯೂರಿ ಕೂತವರು ಪಟ್ಟಿಯಕ್ಕ.

“ನೀವು ಅಂಟಿಸಿದ್ದು ಸಂಜೆ ನಿಮ್ಮ ಚಪ್ಪಲಿಗೆ ಅಂಟ್ಕೊಂಡು ಮನೆಗೇ ಬರುತ್ತೆ,” ಎನ್ನುತ್ತಾರೆ ಅವರು, ತಲೆಯೆತ್ತದೆ. “ಮೊದಲು ಆ ಕಟ್ಟು ಕಂಬಿ ಹತ್ತಿರದಿಂದ ತೆಗೀರಿ. ಹಿಡ್ಕೊಂಡು ಹತ್ತೋರಿಗೆ ದಾರಿ ಬೇಡ್ವಾ?”

“ಹತ್ತು ವರ್ಷದಿಂದ ಇದೇ ನನ್ನ ಜಾಗ. ಕಂಬಿ ಬಿಟ್ರೆ ನನ್ನ ಬೆನ್ನು ಯಾರು ಹಿಡ್ಕೋತಾರೆ?”

ಪಟ್ಟಿಯಕ್ಕ ನಿನ್ನೆ ಸಂಜೆ ಮೆಟ್ಟಿಲಿಗೆ ಅಂಟಿಸಿಟ್ಟಿದ್ದ ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ಮೆಲ್ಲಗೆ ಎತ್ತಿ, ಒಳಮೈಯನ್ನು ಬೆಳಕಿಗೆ ಹಿಡಿಯುತ್ತಾರೆ. ಸಣ್ಣ ಸಣ್ಣ ಹನಿಗಳು. “ಇವತ್ತೂ ಒಣಗಿಲ್ಲ,” ಎಂದು ಗೊಣಗಿ ಸುರುಳಿಯನ್ನು ಚೀಲಕ್ಕೆ ಹಾಕುತ್ತಾರೆ. ಕಾಲು ಜಾರದಂತೆ ಮೆಟ್ಟಿಲಿನ ಅಂಚಿಗೆ ಅಂಟಿಸುವ ಹಳದಿ ಪಟ್ಟಿಯ ಸುರುಳಿ ಅದು. ಮೇಲ್ಮೈ ಮರಳುಕಾಗದದಂತೆ ಒರಟು.

ಆಸ್ಪತ್ರೆಯ ಹೊರಾಂಗಣ ಗುಡಿಸುವ ಕೆಲಸಕ್ಕೆ ಅವರು ಸೇರಿ ಹದಿನಾಲ್ಕು ವರ್ಷ. ಪಟ್ಟಿಯ ಕೆಲಸ ಕೈಗೆ ಬಂದದ್ದು ಆರು ವರ್ಷದ ಹಿಂದೆ. ಉಗ್ರಾಣದವರು ಸುರುಳಿ ಕೊಟ್ಟರೇ ಹೊರತು ಹೇಗೆಂದು ಹೇಳಿಕೊಡಲಿಲ್ಲ. ಡಬ್ಬಿಯ ಮೇಲಿನ ಬರಹವನ್ನು ಔಷಧಿ ಅಂಗಡಿಯ ಹುಡುಗಿಯಿಂದ ಓದಿಸಿಕೊಂಡರು. ಉಳಿದದ್ದನ್ನು ಕಲ್ಲೇ ಕಲಿಸಿತು. ದಿನಕ್ಕೆ ಹೆಚ್ಚೆಂದರೆ ಆರು ಮೆಟ್ಟಿಲು, ಅದೂ ಅರ್ಧರ್ಧ ಅಗಲ. ಅಂಟಿಸಿದ ಅರ್ಧಕ್ಕೆ ಹಗ್ಗ ಕಟ್ಟಿ, ಒಂದಿಡೀ ದಿನ ಯಾರೂ ತುಳಿಯದಂತೆ ಕಾಯಬೇಕು. ಪಾಚಿ ಕೆರೆದು, ಸೋಪಿನಲ್ಲಿ ತಿಕ್ಕಿ, ಒಣಗಿಸಿ, ರಬ್ಬರ್ ಉರುಳೆಯಿಂದ ಒತ್ತುವಷ್ಟರಲ್ಲಿ ಮಂಡಿ ಮಾತಾಡಲು ಶುರುಮಾಡುತ್ತದೆ. ಕೊನೆಯ ಮೆಟ್ಟಿಲು ಮುಗಿಸಿ ತಿರುಗಿದರೆ ಮೊದಲನೆಯದು ಸವೆದಿರುತ್ತದೆ.

“ಇಲ್ಲಿಂದ ಇಳಿಯೋರು ಕಣ್ಣಿಗೆ ಡ್ರಾಪ್ಸ್ ಹಾಕಿಸ್ಕೊಂಡಿರ್ತಾರೆ, ಇಲ್ಲಾ ಒಂದು ಕಣ್ಣು ಮುಚ್ಚಿರ್ತಾರೆ. ಅವರಿಗೆ ಮೆಟ್ಟಿಲೆಲ್ಲ ಒಂದೇ ಬೂದಿ ಬಣ್ಣ. ಎಲ್ಲಿ ಮುಗಿಯುತ್ತೆ ಅಂತ ಹಳದಿ ಹೇಳಬೇಕು, ಕಾಲಿಗೆ ಒರಟು ಹೇಳಬೇಕು,” ಎನ್ನುತ್ತಾರೆ ಪಟ್ಟಿಯಕ್ಕ.

ಹೋದ ವರ್ಷ ಹಾಗೆ ಒಂದು ಕಣ್ಣು ಮುಚ್ಚಿಕೊಂಡು ಇಳಿದವರಲ್ಲಿ ಪಟ್ಟಿಯಕ್ಕನ ಅತ್ತೆಯೂ ಒಬ್ಬರು. ಅದಕ್ಕೆ ಒಂದು ವಾರ ಮೊದಲು ಯಾರೋ ದೊಡ್ಡ ಡಾಕ್ಟರು ಆಸ್ಪತ್ರೆ ನೋಡಲು ಬರುತ್ತಾರೆಂಬ ಅವಸರದಲ್ಲಿ ಪಟ್ಟಿಯಕ್ಕ ಹನ್ನೊಂದನೇ ಮೆಟ್ಟಿಲನ್ನು ಅಂಗೈಯಿಂದ ಮುಟ್ಟಿ ನೋಡಿ, ಒಣಗಿದೆಯೆಂದು ಅಂಟಿಸಿಬಿಟ್ಟಿದ್ದರು. ಕಲ್ಲಿನ ಒಳಗೆ ನೀರಿತ್ತು. ಪಟ್ಟಿಯ ಚೌಕ ಮೂಲೆ ಎದ್ದಿತು. ಅತ್ತೆಯ ಚಪ್ಪಲಿ ಅದಕ್ಕೇ ಸಿಕ್ಕಿಕೊಂಡು, ಅವರು ಬಿದ್ದು ಮಣಿಕಟ್ಟು ಮುರಿಯಿತು.

“ಮೇಲೆ ಒಣಗಿದ ಹಾಗೆ ನಟಿಸುತ್ತೆ ಕಲ್ಲು,” ಎನ್ನುತ್ತಾರೆ ಪಟ್ಟಿಯಕ್ಕ. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಶುರುವಾದದ್ದು ಅಂದಿನಿಂದ. ಬಾಟಲಿ ಮುಚ್ಚಳ ಇಟ್ಟು ಪ್ರತಿ ಮೂಲೆಯನ್ನೂ ದುಂಡಗೆ ಕತ್ತರಿಸುವುದೂ ಅಂದಿನಿಂದಲೇ.

ಮಣಿಕಟ್ಟು ಕೂಡಿಕೊಂಡಿತು. ಆದರೆ ಇನ್ನೊಂದು ಕಣ್ಣಿನ ಆಪರೇಷನ್ನಿಗೆ ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹಿಂದಿನ ಗೇಟಿಗೆ ಆಟೋ ಹೋಗುತ್ತದೆ ಎಂದರೆ, “ಹೊತ್ಕೊಂಡು ಹೋಗೋ ದಿನ ಬಂದಾಗ ಹೊತ್ಕೊಳ್ಳಿ, ಈಗಲೇ ಯಾಕೆ ಅವಸರ?” ಎಂದರು. ಮೂರು ಸಲ ದಿನಾಂಕ ತಪ್ಪಿತು. ಇನ್ನೂ ತಡಮಾಡಿದರೆ ಆ ಕಣ್ಣಿನ ಆಸೆ ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನಾಲ್ಕನೇ ದಿನಾಂಕ ಇವತ್ತು, ಹನ್ನೊಂದು ಗಂಟೆಗೆ. ಬರುತ್ತೇನೆ ಎಂದೂ ಅತ್ತೆ ಹೇಳಿಲ್ಲ, ಬರುವುದಿಲ್ಲ ಎಂದೂ ಹೇಳಿಲ್ಲ.

“ಯಾರೂ ನನ್ನ ಪಟ್ಟಿ ಬಗ್ಗೆ ಮಾತಾಡಬಾರದು, ಅಷ್ಟೇ ನನ್ನಾಸೆ. ಮಾತಾಡಿದ್ರು ಅಂದ್ರೆ ಎಲ್ಲೋ ಎದ್ದಿದೆ ಅಂತ ಅರ್ಥ. ಅತ್ತೆ ವರ್ಷದಿಂದ ಅದೇ ಮಾತಾಡ್ತಿದ್ದಾರೆ,” ಎಂದು ನಗುತ್ತಾರೆ ಪಟ್ಟಿಯಕ್ಕ. ಕಣ್ಣು ಮಾತ್ರ ಬೀದಿಯ ಕಡೆಗೇ ಇದೆ.

ಹತ್ತೂವರೆಗೆ ಕೆಳಗಿನ ಮೆಟ್ಟಿಲ ಬಳಿ ಒಂದು ಕೋಲು ಟಕ್ ಎನ್ನುತ್ತದೆ. ಇಸ್ತ್ರಿ ಮಾಡಿದ ಸೀರೆ, ಕಂಕುಳಲ್ಲಿ ಆಸ್ಪತ್ರೆಯ ಫೈಲು. ಪಟ್ಟಿಯಕ್ಕ ದಡದಡ ಇಳಿದು ಹೋಗಿ ಅತ್ತೆಯ ತೋಳು ಹಿಡಿಯುತ್ತಾರೆ.

ಇಬ್ಬರೂ ಹತ್ತು ಮೆಟ್ಟಿಲು ಏರುತ್ತಾರೆ. ಹನ್ನೊಂದನೆಯದರ ಮುಂದೆ ಅತ್ತೆ ನಿಲ್ಲುತ್ತಾರೆ.

“ಇದೇ ಅಲ್ವಾ?”

“ಇದೇ ಅತ್ತೆ. ಹೊಸದಾಗಿ ಅಂಟಿಸಿ ಒಂದು ವಾರ ಆಯ್ತು.”

“ಒಳಗೆ ಒಣಗಿತ್ತಾ, ಇಲ್ಲಾ ನಿನ್ನ ಅಂಗೈಯೇ ಸಾಕ್ಷಿನಾ?”

“ಮೂರು ದಿನ ಹಾಳೆ ಇಟ್ಟು ನೋಡಿದೀನಿ. ಒಂದು ಹನಿನೂ ಇರಲಿಲ್ಲ.”

ಅತ್ತೆ ಕೋಲಿನ ತುದಿಯಿಂದ ಪಟ್ಟಿಯ ದುಂಡು ಮೂಲೆಯನ್ನು ಕೆದಕುತ್ತಾರೆ. ಒಮ್ಮೆ, ಇನ್ನೊಮ್ಮೆ, ಸ್ವಲ್ಪ ಜೋರಾಗಿಯೇ. ಅದು ಜಗ್ಗುವುದಿಲ್ಲ.

“ಹೂಂ. ತೋಳು ಬಿಡು. ಹೀಗೆ ಜೋತು ಬಿದ್ರೆ ನಿನ್ನನ್ನೂ ಸೇರಿಸಿ ಹತ್ತಬೇಕಾಗುತ್ತೆ ನಾನು.”

ಪಟ್ಟಿಯಕ್ಕ ಕೈ ಬಿಡುತ್ತಾರೆ. ಅತ್ತೆಯ ಕಾಲು ಹನ್ನೊಂದರ ಹಳದಿಯ ಮೇಲೆ ಊರುತ್ತದೆ. ಅವರ ಕೈ ಮುಂದಿನ ಕಂಬಿಯನ್ನು ತಡಕುತ್ತಿದೆ. ಹನ್ನೆರಡನೇ ಮೆಟ್ಟಿಲಿನಲ್ಲಿ ಪೇಪರಣ್ಣ ಎದ್ದು, ಯಾರೂ ಹೇಳದೆಯೇ ಕಟ್ಟನ್ನು ಎದೆಗವಚಿಕೊಂಡು, ಗೋಡೆಯ ಬದಿಗೆ ಸರಿದು ನಿಲ್ಲುತ್ತಾರೆ.